ಲೈಬ್ರರಿ ವೆಬ್‌ಸೈಟ್: ಸ್ವಂತ ಸರ್ವರೋ, ಬಾಡಿಗೆ ಕ್ಲೌಡೋ?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಲೋಕಲ್ ಟ್ರೇನಿನಲ್ಲೋ ಮೆಟ್ರೋದಲ್ಲೋ ನಿಂತುಕೊಂಡೇ ಓದಿ ಮುಗಿಸಬಹುದು.

ಹೊರನಾಡಿನ ಕನ್ನಡ ಸಂಘಕ್ಕೆ ಹೊಸದಾಗಿ ಸೇರಿದವರು "ನಾನು ಐಟಿಯಲ್ಲಿದ್ದೀನಿ" ಅಂದರೆ ಸಾಕು, ಒಂದು ಕೆಲಸ ಹೆಗಲಿಗೆ ಬೀಳುತ್ತೆ. "ನಮ್ಮ ಲೈಬ್ರರಿಗೆ ಒಂದು ವೆಬ್‌ಸೈಟ್ ಮಾಡಿಕೊಡಿ" ಅಂತ. ಮುಂಬೈ, ಪುಣೆ, ಚೆನ್ನೈ, ದೆಹಲಿ, ಎಲ್ಲಿದ್ದರೂ ಇದೇ ಕಥೆ. ಒಪ್ಪಿಕೊಂಡ ಮೇಲೆ ಸಮಿತಿಯಲ್ಲಿ ಚರ್ಚೆ ಶುರು. ಹಿರಿಯರು ಹೇಳ್ತಾರೆ, "ಒಂದು ಒಳ್ಳೆ ಕಂಪ್ಯೂಟರ್ ತಗೊಂಡು ಆಫೀಸಿನಲ್ಲೇ ಇಡೋಣ, ಒಂದೇ ಸಲದ ಖರ್ಚು." ಕಿರಿಯರು ಹೇಳ್ತಾರೆ, "ಈಗ ಯಾರು ಸಾರ್ ಸರ್ವರ್ ತಗೋತಾರೆ? ಕ್ಲೌಡಿಗೆ ಹಾಕಿಬಿಡೋಣ." ಎರಡೂ ಕಡೆ ನ್ಯಾಯ ಇದೆ. ಆದರೆ ಎರಡೂ ಕಡೆಯವರು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳ್ತಿರಲ್ಲ.

ಆ ಪ್ರಶ್ನೆ ಇದು: ಇವತ್ತು ಇದನ್ನು ಕಟ್ಟೋ ವ್ಯಕ್ತಿ ಎರಡು ವರ್ಷದ ನಂತರ ಆನ್‌ಸೈಟ್‌ಗೆ ಹೋದರೆ ಅಥವಾ ಕೆಲಸ ಬದಲಿಸಿ ಬೆಂಗಳೂರಿಗೆ ವಾಪಸ್ ಹೋದರೆ, ಇದನ್ನು ನೋಡಿಕೊಳ್ಳೋರು ಯಾರು? ಪೂರ್ತಿ ಹಾಳಾದರೆ ಎಲ್ಲಿಂದ ಮತ್ತೆ ಎಬ್ಬಿಸೋದು? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಸರ್ವರೋ ಕ್ಲೌಡೋ ಅನ್ನೋದು ಮುಕ್ಕಾಲು ಭಾಗ ತಾನಾಗೇ ತೀರ್ಮಾನ ಆಗುತ್ತೆ.

ಮೊದಲು, ಲೈಬ್ರರಿ ಸೈಟಿನಲ್ಲಿ ಇರೋದೇನು?

ಲೆಕ್ಕಕ್ಕೆ ಒಂದು ಸಂಘ ಅಂದುಕೊಳ್ಳೋಣ. 12,000 ಪುಸ್ತಕ, 300 ಸದಸ್ಯರು, ಅದರಲ್ಲಿ 500 ಹಳೆಯ, ಬೇರೆ ಕಡೆ ಸುಲಭವಾಗಿ ಸಿಗದ ಪುಸ್ತಕಗಳು. ಈ ಲೈಬ್ರರಿಯ ಸೈಟಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿರುತ್ತವೆ.

ಒಂದು, ಕ್ಯಾಟಲಾಗ್. ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಕಪಾಟಿನ ನಂಬರು. ಒಂದು ಪುಸ್ತಕದ ದಾಖಲೆ ಒಂದೆರಡು ಕಿಲೋಬೈಟ್. 12,000 ಪುಸ್ತಕ ಸೇರಿದರೂ ಸುಮಾರು 25 ಎಂಬಿ. ನಿಮ್ಮ ಫೋನಿನಲ್ಲಿರೋ ಒಂದು ಮದುವೆ ವಿಡಿಯೋಗಿಂತ ಚಿಕ್ಕದು.

ಎರಡು, ಸದಸ್ಯರ ವಿವರ. ಹೆಸರು, ಫೋನು, ವಿಳಾಸ, ಯಾರು ಯಾವ ಪುಸ್ತಕ ತಗೊಂಡರು. ಗಾತ್ರ ಏನೂ ಇಲ್ಲ, ಜವಾಬ್ದಾರಿ ಮಾತ್ರ ದೊಡ್ಡದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಎಕ್ಸೆಲ್ ಹಾಳೆಯಲ್ಲಿ ವಾಟ್ಸಾಪ್ ಗ್ರೂಪಿಗೆ ಹಾಕೋ ಕಾಲ ಮುಗೀತು ಅಂತಲೇ ತಿಳ್ಕೊಳ್ಳಿ.

ಮೂರು, ಸ್ಕ್ಯಾನ್ ಮಾಡಿದ ಪುಸ್ತಕಗಳು. ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತೆ. ಎಂಟೂವರೆ ಇಂಚು ಎತ್ತರ, ಐದೂವರೆ ಇಂಚು ಅಗಲದ ಪುಟವನ್ನು 300 ಡಿಪಿಐನಲ್ಲಿ ಬಣ್ಣದ ಟಿಫ್ ಆಗಿ ಇಟ್ಟರೆ ಸುಮಾರು 12.6 ಎಂಬಿ. 300 ಪುಟದ ಪುಸ್ತಕಕ್ಕೆ 3.8 ಜಿಬಿ. 500 ಪುಸ್ತಕಕ್ಕೆ ಹತ್ತಿರ ಹತ್ತಿರ 2 ಟಿಬಿ. ಓದುಗರಿಗೆ ಕೊಡೋ ಪಿಡಿಎಫ್ ಪುಸ್ತಕಕ್ಕೆ 50 ಎಂಬಿ ಅಂತ ಹಿಡಿದರೆ ಎಲ್ಲಾ ಸೇರಿ 25 ಜಿಬಿ ಮಾತ್ರ.

ನೋಡಿ, ಈ ಮೂರಕ್ಕೂ ಒಂದೇ ಜಾಗ ಬೇಕು ಅಂತ ಯಾರೂ ಹೇಳಿಲ್ಲ. ಮೂರನ್ನೂ ಒಂದೇ ಗಂಟು ಕಟ್ಟಿಕೊಂಡು ಯೋಚನೆ ಮಾಡೋದರಿಂದಲೇ ಚರ್ಚೆ ಮುಂದೆ ಹೋಗಲ್ಲ.

ಸ್ವಂತ ಸರ್ವರಿನ ಲೆಕ್ಕ

ಲೈಬ್ರರಿ ನಡೆಸೋಕೆ ಹೆಚ್ಚಿನವರು ಬಳಸೋ ಉಚಿತ ತಂತ್ರಾಂಶ ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಅನ್ನೋ ಚಿಕ್ಕ ಜಿಲ್ಲೆಯ ಲೈಬ್ರರಿ ಟ್ರಸ್ಟ್‌ಗಾಗಿ ಬರೆದದ್ದು. ಅವರ ಹಳೆಯ ತಂತ್ರಾಂಶ 2000ನೇ ಇಸವಿ ದಾಟಲಾರದು ಅಂತ ಗೊತ್ತಾದಾಗ ಹೊಸದನ್ನೇ ಮಾಡಿಸಿ, 2000ದ ಜನವರಿಯಲ್ಲಿ ಶುರು ಮಾಡಿದರು. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಉಡುಗೊರೆ. ನಮ್ಮ ಅಳತೆಯ ಲೈಬ್ರರಿಗೆ ಇದು 4 ಜಿಬಿ ರ‍್ಯಾಮ್ ಇರೋ ಮಷೀನಿನಲ್ಲಿ ನಡೆಯುತ್ತೆ. ಅಂದರೆ ದೊಡ್ಡ ಸರ್ವರ್ ಬೇಡ, ಒಂದು ಮಿನಿ ಪಿಸಿ ಸಾಕು.

ಐದು ವರ್ಷಕ್ಕೆ ಅಂದಾಜು ಹಾಕೋಣ. ಮಿನಿ ಪಿಸಿ ಮತ್ತು ಡಿಸ್ಕ್ 45,000 ರೂಪಾಯಿ. ಯುಪಿಎಸ್ 8,000. ನಡುವೆ ಬ್ಯಾಟರಿ ಬದಲಿಸೋಕೆ 5,000. 40 ವ್ಯಾಟ್ ಮಷೀನು ವರ್ಷವಿಡೀ ಓಡಿದರೆ 350 ಯೂನಿಟ್. ಯೂನಿಟ್‌ಗೆ 10 ರೂಪಾಯಿಯಂತೆ ಐದು ವರ್ಷಕ್ಕೆ 17,500. ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ 3,000 ಅಂದುಕೊಂಡರೆ 15,000. ಒಟ್ಟು 90,500.

ಬಾಡಿಗೆ ವರ್ಚುವಲ್ ಸರ್ವರ್ ಅದೇ 4 ಜಿಬಿ ರ‍್ಯಾಮಿಗೆ ತಿಂಗಳಿಗೆ 2,000 ಅಂತ ಹಿಡಿಯೋಣ. 60 ತಿಂಗಳಿಗೆ 1,20,000, ಮೇಲೆ 18% ಜಿಎಸ್‌ಟಿ, ಒಟ್ಟು 1,41,600.

ದರಗಳು ನಿಮ್ಮ ಊರಲ್ಲಿ ಸ್ವಲ್ಪ ಆ ಕಡೆ ಈ ಕಡೆ ಆಗಬಹುದು. ಆದರೆ ಚಿತ್ರ ಸ್ಪಷ್ಟ: ಸ್ವಂತದ್ದು ಸುಮಾರು 51,000 ರೂಪಾಯಿ ಅಗ್ಗ. ಹಿರಿಯರು ಹೇಳಿದ್ದು ಸುಳ್ಳಲ್ಲ. ಹಾಗಾದರೆ ತಿಂಗಳಿಗೆ 850 ರೂಪಾಯಿ ಹೆಚ್ಚು ಕೊಟ್ಟು ನಾವು ಕೊಳ್ಳೋದೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದಕ್ಕೆ ಸರ್ವರ್ ನಡೆಸಿ ನೋಡು ಅಂತಲೂ ಸೇರಿಸಬಹುದು. ಭಾನುವಾರ ಬೆಳಿಗ್ಗೆ ಡಿಸ್ಕ್ ಹೋಯಿತು ಅಂದರೆ ಸಂಘದ ಬೀಗದ ಕೈ ಯಾರ ಹತ್ತಿರ ಇದೆ? ಆಫೀಸಿಗೆ ಬಂದಿರೋ ಬ್ರಾಡ್‌ಬ್ಯಾಂಡ್ ಒಂದೇ ಪಬ್ಲಿಕ್ ಐಪಿಯನ್ನು ನೂರಾರು ಮನೆಗೆ ಹಂಚೋ ಥರದ್ದಾದರೆ ಹೊರಗಿನವರು ನಿಮ್ಮ ಸೈಟಿಗೆ ನೇರವಾಗಿ ಬರೋಕೇ ಆಗಲ್ಲ. ಕಸ ಗುಡಿಸೋಕೆ ಬಂದವರು ಪ್ಲಗ್ ಕಿತ್ತು ಫ್ಯಾನ್ ಹಾಕ್ತಾರೆ. ಇದು ತಮಾಷೆ ಅಲ್ಲ, ಸರ್ವರ್ ರೂಮ್ ಇಲ್ಲದ ಕಡೆ ಇದೇ ಮೊದಲ ಶತ್ರು.

ಇನ್ನು ಮಳೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ನೀರಿನಲ್ಲಿ ನಿಂತಿತು. ನೆಲಮಹಡಿಯ ಆಫೀಸಿನಲ್ಲಿ ಪುಸ್ತಕಗಳೂ ಅಲ್ಲೇ, ಅವುಗಳ ಸ್ಕ್ಯಾನ್ ಇರೋ ಕಂಪ್ಯೂಟರೂ ಅಲ್ಲೇ ಅಂದರೆ, ಒಂದೇ ನೀರಿಗೆ ಎರಡೂ ಹೋಗುತ್ತೆ.

ಕ್ಲೌಡಿನ ಲೆಕ್ಕ

ಕ್ಲೌಡ್ ಪರವಾಗಿ ವಾದ ಮಾಡೋರು ಒಂದು ಮಾತು ಮರೀತಾರೆ. ಸ್ವಂತ ಮಷೀನಿನ ಮೇಲೆ ಒತ್ತಡ ಜಾಸ್ತಿಯಾದರೆ ಸೈಟ್ ನಿಧಾನ ಆಗುತ್ತೆ, ಕೊನೆಗೆ ಮಲಗುತ್ತೆ. ಬಳಸಿದಷ್ಟು ಕೊಡೋ ಕ್ಲೌಡಿನಲ್ಲಿ ಸೈಟ್ ಓಡ್ತಾನೇ ಇರುತ್ತೆ, ಬಿಲ್ ಬೆಳೀತಾ ಹೋಗುತ್ತೆ.

ಉದಾಹರಣೆಗೆ, ಅಮೆಜಾನಿನ ಮುಂಬೈ ಕೇಂದ್ರದಿಂದ ಇಂಟರ್ನೆಟ್ಟಿಗೆ ಹೊರಗೆ ಹೋಗೋ ಪ್ರತಿ ಜಿಬಿಗೆ ಸುಮಾರು 11 ಸೆಂಟ್, ಅಂದರೆ 9-10 ರೂಪಾಯಿ. ತಿಂಗಳಿಗೆ ಮೊದಲ 100 ಜಿಬಿ ಉಚಿತ. ನಿಮ್ಮ 50 ಎಂಬಿ ಪಿಡಿಎಫ್ ಒಂದರ ಲಿಂಕ್ ವಾಟ್ಸಾಪ್‌ನಲ್ಲಿ ಓಡಾಡಿ 10,000 ಜನ ಇಳಿಸಿಕೊಂಡರೆ 500 ಜಿಬಿ. ಉಚಿತದ್ದು ಕಳೆದು 400 ಜಿಬಿಗೆ ಹತ್ತಿರ ಹತ್ತಿರ 4,000 ರೂಪಾಯಿ. ಒಂದು ಪುಸ್ತಕಕ್ಕೆ! ಕನ್ನಡ ಪುಸ್ತಕವನ್ನು ಅಷ್ಟು ಜನ ಓದಿದರು ಅಂತ ಸಂತೋಷ ಪಡಬೇಕೋ, ಖಜಾಂಚಿಗಳಿಗೆ ಏನು ಹೇಳೋದು ಅಂತ ಯೋಚಿಸಬೇಕೋ?

ಜನ ಓದಿದರೆ ಸಂತೋಷವಾದರೂ ಇದೆ. ಈಗ ಹೆಚ್ಚು ಬರ್ತಿರೋದು ಬಾಟ್‌ಗಳು. ಎಐ ಕಂಪನಿಗಳಿಗಾಗಿ ಪುಟ ಬಾಚಿಕೊಳ್ಳೋ ಬಾಟ್‌ಗಳಿಂದ ಲೈಬ್ರರಿ ಕ್ಯಾಟಲಾಗ್‌ಗಳು ಪ್ರಪಂಚದಾದ್ಯಂತ ಏಟು ತಿಂತಿವೆ. ಕಾರಣ ಕ್ಯಾಟಲಾಗಿನ ರಚನೆಯಲ್ಲೇ ಇದೆ. ಲೇಖಕ, ವರ್ಷ, ವಿಷಯ, ಭಾಷೆ ಅಂತ ಶೋಧಿಸೋ ಪ್ರತಿ ಜೋಡಣೆಗೂ ಒಂದೊಂದು ಹೊಸ ವಿಳಾಸ ಹುಟ್ಟುತ್ತೆ. 12,000 ಪುಸ್ತಕದ ಲೈಬ್ರರಿಯೂ ಬಾಟ್ ಕಣ್ಣಿಗೆ ಲಕ್ಷಾಂತರ ಪುಟ ಇರೋ ಸೈಟಿನ ಹಾಗೆ ಕಾಣುತ್ತೆ. ಆದ್ದರಿಂದ ಸಂಘದಂಥ ಕಡೆ ತಿಂಗಳಿಗೆ ಇಂತಿಷ್ಟೇ ಅಂತ ನಿಗದಿಯಾದ ವರ್ಚುವಲ್ ಸರ್ವರ್ ತಗೊಳ್ಳಿ. ತಾನಾಗೇ ಹಿಗ್ಗೋ ಏರ್ಪಾಟು ಬೇಡ. ಒಂದು ಸಂಜೆ ಸೈಟ್ ನಿಧಾನವಾದರೆ ಯಾರ ಗಂಟೂ ಹೋಗಲ್ಲ.

ಇನ್ನೊಂದು ನಮ್ಮ ದೇಶದ ವಿಶೇಷ. ಆಟೋಪೇ ವಿಚಾರದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಬಿಗಿಯಾಯಿತು. ವಿದೇಶಿ ಕ್ಲೌಡ್ ಬಿಲ್ಲುಗಳು ಕಾರ್ಡಿನಲ್ಲಿ ಕಟ್ಟಾಗದೆ ನಿಂತದ್ದು ಹಲವರಿಗೆ ನೆನಪಿರಬಹುದು. ಸಂಘದಲ್ಲಿ ಆಗೋದೇನು? ಯಾರೋ ಒಬ್ಬರು ಉತ್ಸಾಹದಲ್ಲಿ ತಮ್ಮ ಸ್ವಂತ ಕಾರ್ಡ್ ಕೊಟ್ಟಿರ್ತಾರೆ. ಅವರು ಊರು ಬಿಟ್ಟ ಮೇಲೆ ಕಾರ್ಡ್ ಅವಧಿ ಮುಗಿಯುತ್ತೆ, ಎಚ್ಚರಿಕೆಯ ಇಮೇಲ್ ಅವರ ಹಳೆಯ ವಿಳಾಸಕ್ಕೆ ಹೋಗುತ್ತೆ, ಕೆಲವು ವಾರದಲ್ಲಿ ಖಾತೆ ನಿಲ್ಲುತ್ತೆ, ಆಮೇಲೆ ಡೇಟಾನೂ ಅಳಿಸಿಹೋಗುತ್ತೆ. ಬೆಂಕಿ ಇಲ್ಲ, ನೀರಿಲ್ಲ, ಹ್ಯಾಕರ್ ಇಲ್ಲ. ಲೈಬ್ರರಿ ಮಾತ್ರ ಇಲ್ಲ.

ದೊಡ್ಡವರಿಗೆ ಆದದ್ದು

"ನಮ್ಮ ಚಿಕ್ಕ ಸೈಟಿಗೆ ಯಾರು ಬರ್ತಾರೆ" ಅನ್ನೋರಿಗಾಗಿ ಬ್ರಿಟಿಷ್ ಲೈಬ್ರರಿಯ ಕಥೆ. 2023ರ ಅಕ್ಟೋಬರ್ 28, ಶನಿವಾರ. ರೈಸಿಡಾ ಅನ್ನೋ ರ‍್ಯಾನ್ಸಮ್‌ವೇರ್ ಗುಂಪು ಒಳಗೆ ನುಗ್ಗಿದ್ದು ಬೆಳಕಿಗೆ ಬಂತು. ಸುಮಾರು 600 ಜಿಬಿ ಕದ್ದರು, 20 ಬಿಟ್‌ಕಾಯಿನ್ ಕೇಳಿದರು. ಲೈಬ್ರರಿ ಕೊಡಲಿಲ್ಲ, ಕದ್ದ ಮಾಹಿತಿ ಡಾರ್ಕ್ ವೆಬ್ ಸೇರಿತು. ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದಾದ ಅದರ ಕ್ಯಾಟಲಾಗ್ ಮತ್ತೆ ಆನ್‌ಲೈನ್ ಬಂದದ್ದು 2024ರ ಜನವರಿ 15ಕ್ಕೆ, ಅದೂ ಅರೆಬರೆಯಾಗಿ.

2024ರ ಮಾರ್ಚಿನಲ್ಲಿ ಲೈಬ್ರರಿ ತಾನೇ ಒಂದು ವರದಿ ಹೊರತಂದು ಏನೇನು ತಪ್ಪಿತು ಅಂತ ಬಿಚ್ಚಿ ಹೇಳಿತು. ನಮಗೆ ಬೇಕಾದ ಮೂರು ಪಾಠ ಅದರಲ್ಲಿವೆ.

ಮೊದಲನೆಯದು, ಡಿಜಿಟಲ್ ಸಂಗ್ರಹದ ಸುರಕ್ಷಿತ ಪ್ರತಿಗಳು ಅವರ ಹತ್ತಿರ ಇದ್ದವು. ಆದರೂ ತಕ್ಷಣ ಸೈಟ್ ಎಬ್ಬಿಸೋಕೆ ಆಗಲಿಲ್ಲ. ದಾಳಿ ಮಾಡಿದವರು ಸರ್ವರ್‌ಗಳನ್ನು ಹಾಳುಮಾಡಿದ್ದರು. ಹಳೆಯ ತಂತ್ರಾಂಶಗಳಲ್ಲಿ ಹಲವು ಹೊಸ ಸುರಕ್ಷಿತ ವ್ಯವಸ್ಥೆಯ ಮೇಲೆ ನಡೆಯೋ ಸ್ಥಿತಿಯಲ್ಲಿ ಇರಲಿಲ್ಲ. ಅಕ್ಕಿ ಇತ್ತು, ಒಲೆ ಇರಲಿಲ್ಲ.

ಎರಡನೆಯದು, ಸಂಬಳ, ಲೆಕ್ಕಪತ್ರದಂಥ ಕೆಲಸಗಳು ಕ್ಲೌಡಿನಲ್ಲಿದ್ದವು, ಅವು ನಡೀತಾ ಇದ್ದವು. ಹಾಗಾಗಿ ಮುಂದೆ ಕ್ಲೌಡಿನ ಕಡೆ ಹೆಚ್ಚು ಹೋಗೋದಾಗಿ ವರದಿ ಹೇಳುತ್ತೆ. ಜೊತೆಗೇ, ಕ್ಲೌಡಿಗೆ ಹೋದರೆ ಅಪಾಯ ಇಲ್ಲವಾಗಲ್ಲ, ಬೇರೆ ಥರದ ಅಪಾಯ ಬರುತ್ತೆ ಅಂತಲೂ ಎಚ್ಚರಿಸುತ್ತೆ.

ಮೂರನೆಯದು, ಅವರು ಒಳಗೆ ಬಂದಿರೋ ಸಾಧ್ಯತೆ ಇರೋದು ಹೊರಗಿನ ಪಾಲುದಾರರಿಗಾಗಿ ಇಟ್ಟಿದ್ದ ಒಂದು ರಿಮೋಟ್ ಪ್ರವೇಶದ ಸರ್ವರಿನಿಂದ. ಅಲ್ಲಿ ಪಾಸ್‌ವರ್ಡ್ ಮೇಲೆ ಎರಡನೇ ಪರಿಶೀಲನೆ ಇರಲಿಲ್ಲ. ನಮ್ಮ ಓಟಿಪಿ ಥರದ್ದು.

ಕ್ಲೌಡ್ ಬೇರೆ, ಬ್ಯಾಕಪ್ ಬೇರೆ

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆಯೇ ಅಳಿಸಿಹೋಯಿತು. ಶುರುವಿನಲ್ಲಿ ಸೆಟಪ್ ಮಾಡುವಾಗ ಒಂದು ಜಾಗ ಖಾಲಿ ಬಿಟ್ಟದ್ದು ಕಾರಣ. ಅವರು ಬೇರೆ ಕಂಪನಿಯ ಹತ್ತಿರವೂ ಬ್ಯಾಕಪ್ ಇಟ್ಟಿದ್ದರು, ಚೇತರಿಸಿಕೊಂಡರು.

ನಮ್ಮದೇ ಉದಾಹರಣೆ ಬೇಕಾ? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಯೋಜನೆ. ಕನ್ನಡವೂ ಸೇರಿ ಅನೇಕ ಭಾಷೆಗಳ ಲಕ್ಷಾಂತರ ಪುಸ್ತಕ ಸ್ಕ್ಯಾನ್ ಆದವು. ಕಾಲಕ್ರಮೇಣ ಆ ಸೈಟ್ ನಿಂತುಹೋಯಿತು. ಆದರೂ ಇವತ್ತು ನೀವು ಹೈದರಾಬಾದಿನಲ್ಲಿ ಕೂತು ಆ ಹಳೆಯ ಕನ್ನಡ ಪುಸ್ತಕಗಳನ್ನು ಓದಬಹುದು. ಕಾರಣ ಒಂದೇ: ಇನ್ನೊಂದು ಪ್ರತಿ ಇಂಟರ್ನೆಟ್ ಆರ್ಕೈವ್‌ಗೆ ಹೋಗಿತ್ತು.

ತಮಾಷೆ ನೋಡಿ, ಆ ಆರ್ಕೈವ್ ನಡೆಯೋದು ಬಾಡಿಗೆ ಕ್ಲೌಡಿನಲ್ಲಿ ಅಲ್ಲ, ತನ್ನದೇ ಸರ್ವರ್‌ಗಳಲ್ಲಿ. 2024ರ ಅಕ್ಟೋಬರಿನಲ್ಲಿ ಅದರ ಮೇಲೂ ದಾಳಿ ಆಗಿ, ಸುಮಾರು 3.1 ಕೋಟಿ ಖಾತೆಗಳ ವಿವರ ಸೋರಿ, ದಿನಗಟ್ಟಲೆ ಸೈಟ್ ಮುಚ್ಚಿತ್ತು. ಪುಸ್ತಕಗಳು ಉಳಿದವು. ಸ್ವಂತ ಸರ್ವರ್ ಅಂದ ಮಾತ್ರಕ್ಕೆ ಹಳೇ ಕಾಲದ್ದು ಅಲ್ಲ, ಅದನ್ನೇ ಕೆಲಸವಾಗಿ ಮಾಡೋ ಜನ ಇದ್ದರೆ ಒಳ್ಳೆಯದೇ. ಸಂಘದಲ್ಲಿ ಆ ಜನ ಇರಲ್ಲ. ನಾವೆಲ್ಲ ಭಾನುವಾರದ ಸೇವಕರು.

ಹಾಗಾದರೆ ಏನು ಮಾಡೋಣ?

ಕ್ಯಾಟಲಾಗ್ ಮತ್ತು ಸದಸ್ಯರ ವಿವರ: ನಿಗದಿತ ಬಾಡಿಗೆಯ ಒಂದು ವರ್ಚುವಲ್ ಸರ್ವರ್. ಸಾಧ್ಯವಾದರೆ ವರ್ಷದ ಹಣ ಮುಂಗಡ ಕಟ್ಟಿಬಿಡಿ. ವಾರ್ಷಿಕ ಮಹಾಸಭೆಯ ಬಜೆಟ್ಟಿಗೂ ಅದು ಹೊಂದುತ್ತೆ. ರಾತ್ರಿ ಡೇಟಾಬೇಸಿನ ಪ್ರತಿ ತಾನಾಗೇ ಬೇರೆ ಕಂಪನಿಯ ಜಾಗಕ್ಕೆ ಹೋಗಲಿ, ಗೂಢಲಿಪಿಯಲ್ಲಿ. ಆಡಳಿತದ ಲಾಗಿನ್‌ಗೆಲ್ಲಾ ಎರಡನೇ ಪರಿಶೀಲನೆ ಕಡ್ಡಾಯ. ಪುಸ್ತಕ ವಾಪಸ್ ಬಂದ ಮೇಲೆ ಯಾರು ಏನು ಓದಿದರು ಅನ್ನೋ ಇತಿಹಾಸ ಇಟ್ಟುಕೊಳ್ಳಬೇಡಿ. ಇಲ್ಲದ್ದನ್ನು ಯಾರೂ ಕದಿಯೋಕಾಗಲ್ಲ.

ಸ್ಕ್ಯಾನಿನ ಮೂಲಪ್ರತಿ, ಆ 2 ಟಿಬಿ: ಇಲ್ಲಿ ಹಿರಿಯರ ಮಾತೇ ಸರಿ. ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ಸಂಘದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಪುಣೆ ಸಂಘದ ಡಿಸ್ಕ್ ಚೆನ್ನೈಯಲ್ಲಿ, ಚೆನ್ನೈಯದ್ದು ಪುಣೆಯಲ್ಲಿ ಅಂತ ಅದಲು ಬದಲು ಮಾಡಿಕೊಂಡರೆ ಖರ್ಚೇ ಇಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹುಟ್ಟಿದ ಲಾಕ್ಸ್ ಯೋಜನೆಯ ತತ್ವವೂ ಇಷ್ಟೇ: ಪ್ರತಿಗಳು ಹಲವು ಕಡೆ ಇದ್ದರೆ ವಸ್ತು ಉಳಿಯುತ್ತೆ. ಮೂರನೇ ಪ್ರತಿ ಬೇಕೆಂದರೆ ಕ್ಲೌಡಿನ ಆಳದ ಸಂಗ್ರಹ ತಗೊಳ್ಳಿ. ಅಮೆಜಾನಿನಲ್ಲಿ ಅದು ಮಾಮೂಲಿ ಸಂಗ್ರಹಕ್ಕಿಂತ ತುಂಬಾ ಅಗ್ಗ. ವಾಪಸ್ ತೆಗೆಯೋಕೆ 12ರಿಂದ 48 ಗಂಟೆ ಹಿಡಿಯುತ್ತೆ, ನಮಗೇನು ಅವಸರ?

ಓದುಗರ ಪಿಡಿಎಫ್: ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕಿ, ಕ್ಯಾಟಲಾಗಿನಿಂದ ಲಿಂಕ್ ಕೊಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆಯಬೇಕು. ಹತ್ತು ಸಾವಿರ ಜನ ಇಳಿಸಿಕೊಂಡರೂ ನಿಮಗೆ ಬಿಲ್ ಬರಲ್ಲ.

ಕನ್ನಡಕ್ಕೇ ಸೇರಿದ ಎರಡು ಮಾತು. ಹಳೆಯ ಪಟ್ಟಿ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ತನ್ನಿ. ಇಲ್ಲದಿದ್ದರೆ ಬ್ಯಾಕಪ್ ಹತ್ತಿದ್ದರೂ, ಆ ಫಾಂಟ್ ಇಲ್ಲದ ಮಷೀನಿನಲ್ಲಿ ಕುವೆಂಪು ಹೆಸರು ಬರೀ ಅಡ್ಡಾದಿಡ್ಡಿ ಚಿಹ್ನೆ. ಇನ್ನೊಂದು, ಕೋಹಾ ಜೊತೆ ಬರೋ ಜೀಬ್ರಾ ಹುಡುಕು ಯಂತ್ರ ಬಳಸೋದಾದರೆ, ಸ್ಥಾಪಿಸುವಾಗಲೇ ಐಸಿಯು ಆಯ್ಕೆ ಮಾಡಿ. ಭಾರತೀಯ ಲಿಪಿಗಳ ಹುಡುಕಾಟ ಸರಿ ಬರೋಕೆ ಅದು ಬೇಕು.

ಬೀಗದ ಕೈ ಯಾರ ಹತ್ತಿರ?

ಡೊಮೇನ್, ಸರ್ವರ್ ಖಾತೆ, ಬ್ಯಾಕಪ್ ಖಾತೆ, ಮೂರೂ ಸಂಘದ ಹೆಸರಲ್ಲಿ, ಸಂಘದ ಇಮೇಲಿನಲ್ಲಿ ಇರಲಿ. ಕಾರ್ಯದರ್ಶಿ ಬದಲಾದಾಗ ಚೆಕ್‌ಬುಕ್ ಜೊತೆ ಇವೂ ಹಸ್ತಾಂತರ ಆಗಲಿ. ಎಲ್ಲಾ ಹಂತಗಳನ್ನೂ ಎರಡು ಪುಟದಲ್ಲಿ, ಕನ್ನಡದಲ್ಲಿ ಬರೆದು ಮುದ್ರಿಸಿ ಫೈಲಿಗೆ ಹಾಕಿ.

ವರ್ಷಕ್ಕೊಮ್ಮೆ, ರಾಜ್ಯೋತ್ಸವದ ಗಲಾಟೆ ಮುಗಿದ ಮೇಲೆ, ಒಂದು ಪರೀಕ್ಷೆ ಮಾಡಿ. ಸೈಟ್ ಕಟ್ಟದೇ ಇದ್ದ ಒಬ್ಬರ ಕೈಗೆ ಆ ಎರಡು ಪುಟ ಮತ್ತು ಬ್ಯಾಕಪ್ ಕೊಟ್ಟು, ಹೊಸ ಮಷೀನಿನಲ್ಲಿ ಸೈಟ್ ಎಬ್ಬಿಸೋಕೆ ಹೇಳಿ. ಒಂದು ದಿನದಲ್ಲಿ ಆದರೆ ನಿಮ್ಮ ಲೈಬ್ರರಿ ಸುರಕ್ಷಿತ. ಆಗದಿದ್ದರೆ ಅದು ಸರ್ವರಿನಲ್ಲಿದ್ದರೂ ಅಷ್ಟೇ, ಕ್ಲೌಡಿನಲ್ಲಿದ್ದರೂ ಅಷ್ಟೇ.

ಇಷ್ಟೆಲ್ಲಾ ಯಾಕೆ ಅಂದರೆ, ಕೊನೆಯದಾಗಿ ಒಂದು ಲೆಕ್ಕ. ಒಂದು ಪುಸ್ತಕದ ವಿವರ ತುಂಬೋಕೆ ಐದು ನಿಮಿಷ ಅಂದರೆ 12,000 ಪುಸ್ತಕಕ್ಕೆ 1,000 ಗಂಟೆ. ಮೂರು ಜನ ಪ್ರತಿ ಭಾನುವಾರ ನಾಲ್ಕು ಗಂಟೆ ಕೂತರೆ 83 ಭಾನುವಾರ, ಒಂದೂವರೆ ವರ್ಷಕ್ಕೂ ಮೇಲೆ. ಮಷೀನು ಹೋದರೆ ಚಂದಾ ಎತ್ತಿ ಇನ್ನೊಂದು ತರಬಹುದು. ನಿವೃತ್ತರು, ಗೃಹಿಣಿಯರು, ಕಾಲೇಜು ಮಕ್ಕಳು ಕೂತು ತುಂಬಿದ ಆ 83 ಭಾನುವಾರಗಳನ್ನು ಮತ್ತೆ ಕೇಳೋಕೆ ಯಾರಿಗೂ ಮುಖ ಇರಲ್ಲ. ಸಮಿತಿಯಲ್ಲಿ ಸರ್ವರೋ ಕ್ಲೌಡೋ ಅನ್ನೋ ಮಾತು ಬಂದಾಗ ಈ ಅಂಕಿಯನ್ನು ಮೊದಲು ಮೇಜಿನ ಮೇಲಿಡಿ.

ನಿಮ್ಮ ಊರಿನ ಸಂಘದ ಲೈಬ್ರರಿ ನೋಡಿಕೊಳ್ಳೋರಿಗೆ ಇದನ್ನು ಕಳಿಸಿ. ಮುಂದಿನ ವಾರ ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತರೋದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.